ನರಸಿಂಗನ ಕಾರಿನ ನಾಲ್ಕು ಬುಷ್

ಲಾತೂರಿಗೆ ರೈಲಿನಲ್ಲಿ ನೀರು ತಂದ ಬೇಸಿಗೆ ಅದು. ಆ ಬೇಸಿಗೆಯ ಒಂದು ಭಾನುವಾರ, ಬೀದರಿನ ನೌಬಾದದಲ್ಲಿ, ತನ್ನ ಮನೆಯ ಮುಂದಿನ ಬೇವಿನ ನೆರಳಲ್ಲಿ ನರಸಿಂಗ ಕಾರಿನ ಕೆಳಗೆ ಅಂಗಾತ ಬಿದ್ದಿದ್ದ. ಐವತ್ತೊಂದು ವರ್ಷದ ಮನುಷ್ಯ. ಎಡಭುಜ ಎತ್ತಿದರೆ ನೋವು, ಇಳಿಸಿದರೆ ಇನ್ನೂ ನೋವು. ಬೆನ್ನಿನ ಕೆಳಗೆ ಹಾಸಿಕೊಂಡ ಗೋಣಿಚೀಲ ಬೆವರಿಗೆ ತೊಯ್ದು ಅಂಟುತ್ತಿತ್ತು. ಯಾರಾದರೂ ಬಂದು ಕಾಲು ಹಿಡಿದು ಹೊರಗೆ ಎಳೆದು, ಸಾಕು ಮಾರಾಯಾ, ಮಲಗು ಹೋಗು ಎಂದಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದನೇನೋ. ಯಾರೂ ಹೇಳಲಿಲ್ಲ.

ಹುಟ್ಟಿದ್ದು ಭಾಲ್ಕಿ ತಾಲ್ಲೂಕಿನ ಸಾಯಗಾಂವದಲ್ಲಿ. ಹದಿನೇಳಕ್ಕೆ ಲಾರಿಯ ಕ್ಲೀನರ್ ಆದ, ಇಪ್ಪತ್ತೆರಡಕ್ಕೆ ಡ್ರೈವರ್ ಆದ, ನಲವತ್ತು ದಾಟಿದ ಮೇಲೆ ಈ ಹಳೆಯ ಡೀಸೆಲ್ ಕಾರು ಕೈಗೆ ಬಂತು. ಮದುವೆಗೆ, ದವಾಖಾನೆಗೆ ಓಡಿಸುತ್ತ ಹೇಗೋ ನೆಮ್ಮದಿಯಾಗಿದ್ದ. ಆಮೇಲೆ ಮಳೆ ಕೈಕೊಟ್ಟಿತು. ಒಂದು ವರ್ಷವಲ್ಲ, ಮೇಲಿಂದ ಮೇಲೆ. ಔರಾದ ಕಡೆಯ ಹಳ್ಳಿಗಳ ಜನ ಮನೆಗೆ ಕೀಲಿ ಹಾಕಿ ಹೈದರಾಬಾದಿನ ಕಟ್ಟಡದ ಕೆಲಸಕ್ಕೆ ಹೊರಟರು. ವಾರಕ್ಕೆ ಮೂರು ಸಲ ಅವರನ್ನು ಬಿಟ್ಟು ಬರುವ ಕೆಲಸ ನರಸಿಂಗನಿಗೆ ಬಿತ್ತು. ಐದು ಜನ ಕೂರುವ ಕಾರಿನಲ್ಲಿ ಎಂಟು ಜನ, ಮೇಲೆ ಹಾಸಿಗೆ ಸುರುಳಿ, ಹಿಂದೆ ಜೋಳದ ಹಿಟ್ಟಿನ ಡಬ್ಬಿ, ಪಾತ್ರೆ ಪಡಗ. ಬೇಡ ಅನ್ನಲು ಅವನಿಗೆ ಬಾಯಿ ಬರುತ್ತಿರಲಿಲ್ಲ. ಊರೇ ಏಳುವಾಗ ಇಬ್ಬರು ಹೆಚ್ಚಾದರೆಂದು ಯಾರನ್ನು ಇಳಿಸುತ್ತೀರಿ? ಹಾಗೆ ಹೊತ್ತೂ ಹೊತ್ತೂ ಕಾರಿನ ಕೆಳಭಾಗ ಸೋತು ಸುಣ್ಣವಾಯಿತು. ಗುಂಡಿಗೆ ಇಳಿದರೆ ಢಬ್, ಬ್ರೇಕ್ ಹಾಕಿದರೆ ಢಬ್. ನರಸಿಂಗ ಮಾತ್ರ ತಪ್ಪನ್ನೆಲ್ಲ ರಸ್ತೆಯ ಮೇಲೆ ಹಾಕಿ ಕುಳಿತಿದ್ದ.

ಅಷ್ಟರಲ್ಲಿ ಅಕ್ಕ ಬಿದ್ದಳು. ಸುಭದ್ರಾಬಾಯಿ ಅವನಿಗಿಂತ ಒಂಬತ್ತು ವರ್ಷ ದೊಡ್ಡವಳು. ತಾಯಿ ಕೂಲಿಗೆ ಹೋದಾಗ ಇವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಗಂಡ ತೀರಿಕೊಂಡು ಬಹಳ ದಿನವಾಗಿತ್ತು, ಮಗ ಸೊಸೆ ಎಲ್ಲರಂತೆ ಹೈದರಾಬಾದಿಗೆ ಹೋಗಿದ್ದರು. ಔರಾದ ಹತ್ತಿರದ ತನ್ನ ಹಳ್ಳಿಯಲ್ಲಿ ಬೋರಿನಿಂದ ಕೊಡ ಹೊತ್ತು ತರುವಾಗ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಳು. ಬೀದರಿನಲ್ಲಿ ಆಪರೇಶನ್ ಆಯಿತು. ತಮ್ಮನ ಮನೆಯಲ್ಲಿ ಎರಡು ತಾಸು ಕೂತು, ಊರಿಗೆ ಬಿಡು ಎಂದು ಹಟ ಹಿಡಿದಳು. ಆ ದಿನದ ದಾರಿ ನರಸಿಂಗನಿಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಒಂದೊಂದು ಢಬ್‌ಗೂ ಅಕ್ಕ ಹಲ್ಲು ಕಚ್ಚಿ ಸೀಟಿನ ಅಂಚು ಹಿಡಿಯುತ್ತಿದ್ದಳು. ಏಳು ಕಡೆ ಕಾರು ನಿಲ್ಲಿಸಬೇಕಾಯಿತು.

ಒಂದೂವರೆ ತಿಂಗಳ ನಂತರ ಡಾಕ್ಟರು ನರಸಿಂಗನನ್ನು ಕರೆದು ಬಿಡಿಸಿ ಹೇಳಿದರು. ಸೋಮವಾರದಿಂದ ಒಂದು ತಿಂಗಳು ದಿನಾಲೂ ಅಕ್ಕನನ್ನು ಆಸ್ಪತ್ರೆಗೆ ಕರೆತಂದು ಕಾಲಿಗೆ ವ್ಯಾಯಾಮ ಮಾಡಿಸಬೇಕು. ಈಗ ಬಿಟ್ಟರೆ ಮಂಡಿ ಬಿಗಿದು ನಿಲ್ಲುತ್ತದೆ, ಆಮೇಲೆ ಅವರು ನಡೆಯುವುದನ್ನು ಮರೆತುಬಿಡಿ. ನರಸಿಂಗ ಅಕ್ಕನಿಗೆ ಫೋನ್ ಮಾಡಿದ. ತಿಂಗಳ ಮಟ್ಟಿಗೆ ನಮ್ಮ ಮನೆಗೆ ಬಂದುಬಿಡು ಎಂದ. ಅವಳದು ಒಂದೇ ಮಾತು.

"ನಿನ್ನ ಆ ಕಾರಿನಾಗ ನಾ ಮತ್ತ ಕೂಡಂಗಿಲ್ಲ, ತಮ್ಮಾ. ಕಾಲು ಹೋದರ ಹೋಗಲಿ."

ಬೇರೆ ಕಾರು ತರುತ್ತೇನೆ ಎಂದರೆ ಅದೂ ಬೇಡ. ಎಲ್ಲರ ಕಾರೂ ಅಷ್ಟೇ ಅಂತೆ.

ಈ ಮಾತು ನರಸಿಂಗನ ಕರುಳಿಗೆ ಚುಚ್ಚಿತು. ಇಪ್ಪತ್ತೊಂಬತ್ತು ವರ್ಷ ಸ್ಟೀರಿಂಗ್ ಹಿಡಿದವನ ಕಾರಿನಲ್ಲಿ ಸ್ವಂತ ಅಕ್ಕ ಕೂರುವುದಿಲ್ಲ ಅಂದರೆ ಏನು ಬಾಳು ಅದು? ಓಣಿಯ ಬದ್ರೋದ್ದೀನ ಚಾಚಾನನ್ನು ಕರೆದು ಕಾರು ತೋರಿಸಿದ. ಚಾಚಾ ಬಸ್ ಡಿಪೋದಲ್ಲಿ ಫಿಟ್ಟರ್ ಆಗಿದ್ದವರು. ಈಗ ಕಣ್ಣು ಮಂಜು, ಕಿವಿ ಮಾತ್ರ ಚುರುಕು. ಓಣಿಯಲ್ಲಿ ಒಂದು ಸುತ್ತು ಕೂತು ಬಂದು ತೀರ್ಪು ಕೊಟ್ಟರು. ಎಂಜಿನ್ನಿನ ಕೆಳಗೆ ಅಡ್ಡಲಾಗಿ ಒಂದು ಕಬ್ಬಿಣದ ಚೌಕಟ್ಟು ಇರುತ್ತದೆ, ಸಬ್‌ಫ್ರೇಮ್ ಅನ್ನುತ್ತಾರೆ. ಮುಂದಿನ ಗಾಲಿಗಳ ಭಾರವೆಲ್ಲ ಅದರದೇ. ಅದಕ್ಕೂ ಬಾಡಿಗೂ ನಡುವೆ ನಾಲ್ಕು ದಪ್ಪ ರಬ್ಬರ್ ಬುಷ್. ಆ ರಬ್ಬರು ಪೂರಾ ಹರಿದು ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತಿದೆ. ರಸ್ತೆಯನ್ನು ಬೈಯಬೇಡ ಎಂದರು.

ಬೀದರಿನ ಅಂಗಡಿಗಳಲ್ಲಿ ಬುಷ್ ಸಿಗಲಿಲ್ಲ. ಭಾಲ್ಕಿಯ ಗೌಸೋದ್ದೀನನ ಅಂಗಡಿಯಲ್ಲಿ ಧೂಳು ತಿನ್ನುತ್ತಿದ್ದ ನಾಲ್ಕು ಹೊಸವು ಸಿಕ್ಕವು. ಗ್ಯಾರೇಜುಗಳಲ್ಲಿ ಕೈಯಾಡಿಸುವವರೇ ಇಲ್ಲ, ಹುಡುಗರೆಲ್ಲ ಹೈದರಾಬಾದ್ ಸೇರಿದ್ದರು. ಹಾಗಾಗಿ ಭಾನುವಾರ ಬೆಳಿಗ್ಗೆ ನರಸಿಂಗ ತಾನೇ ಜಾಕ್ ಹಚ್ಚಿದ. ಗಾಲಿ ಬಿಚ್ಚಿ, ಬಾಡಿಯ ಕೆಳಗೆ ರೈಲು ಹಳಿಯ ಕೆಳಗಿನ ಹಳೆಯ ಮರದ ದಿಮ್ಮಿ ಕೊಟ್ಟು, ತಂಬಾಕಿನ ಡಬ್ಬಿಯ ಸುಣ್ಣವನ್ನು ಬೆರಳಿಗೆ ಹಚ್ಚಿಕೊಂಡು ಚೌಕಟ್ಟು ಕೂತಿದ್ದ ಜಾಗಕ್ಕೆಲ್ಲ ಗುರುತು ಎಳೆದ. ತಿರುಗಿ ಅದೇ ಗುರುತಿಗೆ ಕೂರದಿದ್ದರೆ ಗಾಡಿ ಒಂದೇ ಕಡೆ ಎಳೆಯುತ್ತದೆ. ನಂತರ ಒಂದೊಂದೇ ಬದಿಯ ಬೋಲ್ಟು ಸಡಿಲಿಸಿ ಚೌಕಟ್ಟನ್ನು ಜಾಕಿನ ಮೇಲೆ ನಾಲ್ಕು ಬೆರಳು ಕೆಳಗಿಳಿಸಿದ. ಬರೆಯಲಿಕ್ಕೆ ಇದು ಒಂದೇ ಸಾಲು. ಆ ತುಕ್ಕು ಹಿಡಿದ ಬೋಲ್ಟು ಅಲುಗಲು ಒಂದು ತಾಸು ಹಿಡಿಯಿತು, ಬೋಲ್ಟು ತಿರುಗಿಸುವ ಪಾನಾ ಜಾರಿ ಎರಡು ಬೆರಳಿನ ಚರ್ಮ ಕಿತ್ತುಹೋಯಿತು.

ಹಳೆಯ ಬುಷ್‌ಗಳನ್ನು ಗರಗಸದ ಬ್ಲೇಡಿನಿಂದ ಕೊಯ್ದು, ಸುತ್ತಿಗೆಯಿಂದ ಬಡಿದು ಹೊರಗೆ ಹಾಕಿದ. ಇನ್ನು ಹೊಸದು ಕೂರಬೇಕು. ಬಿಗಿಯಾದ ರಬ್ಬರು, ಒಣಗಿದ್ದರೆ ಒಳಗೆ ಜಾರುವುದಿಲ್ಲ. ಎಲ್ಲಾ ಕಡೆ ಸಾಬೂನಿನ ನೀರು ಬಳಿದು ಒತ್ತುತ್ತಾರೆ. ಆದರೆ ಆ ವರ್ಷ ನೌಬಾದದಲ್ಲಿ ಸಾಬೂನಿನ ನೀರು ಅಂದರೆ ನೀರಿನ ಮಾತೇ ಬಂತಲ್ಲ! ಟ್ಯಾಂಕರ್ ಬಂದು ಆರು ದಿನವಾಗಿತ್ತು, ಮತ್ತೆ ಬರುವುದು ಬುಧವಾರ. ಮನೆಯಲ್ಲಿ ಉಳಿದದ್ದು ಒಂದೂವರೆ ಕೊಡ, ಅದೂ ಕುಡಿಯಲಿಕ್ಕೆ. ಹೆಂಡತಿ ಕಾಂತಾಬಾಯಿಯನ್ನು ಕೇಳಲು ಮನಸ್ಸು ಬರದೆ ನರಸಿಂಗ ಎಂಜಿನ್ ಆಯಿಲ್ ಬಳಿದ. ಎರಡು ಬುಷ್ ಬೆಣ್ಣೆಯ ಹಾಗೆ ಜಾರಿ ಕೂತವು. ಬೆಳಿಗ್ಗೆಯಿಂದ ಮೊದಲ ಸಲ ಅವನ ಮುಖ ಅರಳಿತು.

ಮಂಚ ಹಾಕಿಸಿಕೊಂಡು ನೆರಳಲ್ಲಿ ಕೂತಿದ್ದ ಬದ್ರೋದ್ದೀನ ಚಾಚಾ ಗಾಳಿಯಲ್ಲಿ ಮೂಗು ಎಳೆದರು.

"ತೇಲ್ ಹಚ್ಚಿದಿ ಏನು? ರಬ್ಬರಿಗಿ ತೇಲ್ ಅಂದ್ರ ಜಹರ್, ವಿಷ ಅದ. ಉಬ್ಬಿ, ಕೊಳತು, ಎರಡು ತಿಂಗಳಿಗಿ ಮತ್ತ ಢಬ್ ಢಬ್. ತೆಗಿ ಹೊರಗ. ತೊಳಿ."

ಕೂತ ಬುಷ್ ತೆಗೆಯುವುದು ಎಂದರೆ ಮತ್ತೆ ಎರಡು ತಾಸು. ತೊಳೆಯುವುದು ಎಂದರೆ ಅರ್ಧ ಕೊಡ. ಆಯಿಲ್ ಸುಮ್ಮನೆ ಹೋಗುತ್ತದೆಯೇ? ಎರಡು ತಿಂಗಳು ಬಾಳಿದರೆ ಸಾಲದೇ, ಅಕ್ಕನ ಕೆಲಸ ಒಂದೇ ತಿಂಗಳದ್ದಲ್ಲವೇ ಎಂದು ಮನಸ್ಸು ಒಳಗೇ ಗುಣುಗಿತು. ಹಾಳಾದ ಮನಸ್ಸು. ಎರಡು ತಿಂಗಳ ಮೇಲೆ ಅವಳು ಮತ್ತೆ ಇದೇ ಕಾರಿನಲ್ಲಿ ಕೂರಬೇಕಾಗಿ ಬಂದರೆ? ನರಸಿಂಗ ಪಾನಾ ಎತ್ತಿಕೊಂಡು ಮತ್ತೆ ಕೆಳಗೆ ಸರಿದ.

ಕಾಂತಾಬಾಯಿ ಹೊಸ್ತಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ನೀರಿನ ವಿಷಯದಲ್ಲಿ ಅವಳು ಗಂಡನಿಗೂ ಬಗ್ಗುವವಳಲ್ಲ. ಕೊಡಗಳನ್ನು ದೇವರ ಹತ್ತಿರ ಇಟ್ಟ ಹಾಗೆ ಮೂಲೆಯಲ್ಲಿ ಬಟ್ಟೆ ಮುಚ್ಚಿ ಇಟ್ಟಿರುತ್ತಿದ್ದಳು. ಮುಖ ತೊಳೆದ ನೀರು ಕಾಲಿಗೆ, ಕಾಲು ತೊಳೆದದ್ದು ತುಳಸಿಗೆ. ನರಸಿಂಗ ಕೈತುಂಬ ಆಯಿಲ್ ಮಾಡಿಕೊಂಡು ಎದ್ದು ಬಂದಾಗ ಅವಳು ಒಳಗೆ ಹೋಗಿ ತುಂಬಿದ ಕೊಡವನ್ನೇ ತಂದಿಟ್ಟಳು.

"ಕಾರಿಗಿ ಅಂದ್ರ ಒಂದು ಲೋಟಾನೂ ಕೊಡ್ತಿದ್ದಿಲ್ಲರಿ. ಅಕ್ಕನ ಕಾಲಿಗಿ ಅಂತ ಕೊಡ್ಲತೇನಿ."

ಅವನು ತೊಳೆದ. ಕೊಡ ಅರ್ಧವಾಯಿತು. ಉಳಿದದ್ದರಲ್ಲಿ ಸಾಬೂನು ಕದಡಿ ನಾಲ್ಕೂ ಬುಷ್‌ಗಳಿಗೆ ಬಳಿದು, ಉದ್ದನೆಯ ಬೋಲ್ಟಿಗೆ ವಾಶರ್ ಹಾಕಿ ತಿರುಗಿಸಿ ತಿರುಗಿಸಿ ಒಂದೊಂದನ್ನೇ ಒಳಗೆ ಎಳೆದ. ಮೂರನೆಯದು ವಾರೆಯಾಗಿ ಕೂತಿತು, ತೆಗೆದು ಮತ್ತೆ ಹಾಕಿದ. ಹೊತ್ತು ಇಳಿಯುವಾಗ ಚೌಕಟ್ಟು ಸುಣ್ಣದ ಗುರುತಿಗೆ ಬಂದು ಕೂತಿತು. ಅವನಿಗೆ ಸಂತೋಷವೇನೂ ಆಗಲಿಲ್ಲ, ಅಷ್ಟು ಸುಸ್ತು. ಗಂಡ ಹೆಂಡತಿ ಇಬ್ಬರೂ ಅರ್ಧರ್ಧ ಲೋಟ ಕುಡಿದು ರೊಟ್ಟಿ ಮುರಿದರು. ಗಂಟಲು ಒಣಗಿದ್ದರೂ ಇನ್ನಷ್ಟು ಕೊಡು ಎಂದು ಇವನು ಕೇಳಲಿಲ್ಲ.

ಸೋಮವಾರ ಮುಂಜಾನೆ ಔರಾದ ರಸ್ತೆ ಹಿಡಿದ. ಬೇಕೆಂದೇ ಗುಂಡಿಗಳ ಮೇಲೆ ಹತ್ತಿಸಿ ನೋಡಿದ. ಸದ್ದಿಲ್ಲ. ಎರಡೂ ಕಡೆ ಬಣಗುಡುವ ಹೊಲ, ಕೀಲಿ ಜಡಿದ ಮನೆ. ಆದರೂ ಗಾಡಿಯ ಆ ಮೌನ ಕೇಳಿ ಅವನಿಗೆ ಅಕ್ಕ ಬಂದೇ ಬರುತ್ತಾಳೆ ಅನ್ನಿಸಿತು.

ಅಕ್ಕ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ರೊಟ್ಟಿ, ನೀರು ತಂದುಕೊಡುವ ಪಕ್ಕದ ಮನೆಯ ಮುನ್ನಿಬೀ ಅಲ್ಲೇ ಇದ್ದಳು. ಬಾಗಿಲ ಹಿಂದೆ ಎರಡು ಕೊಡ, ತುಂಬಿದ್ದವು. ನರಸಿಂಗ ಕಾರಿನ ಕೆಲಸದ ಕತೆಯನ್ನು ಮೊದಲಿನಿಂದ ಹೇಳಿದ, ಬುಷ್, ಬೋಲ್ಟು, ಚಾಚಾನ ಬೈಗುಳ ಎಲ್ಲ. ನೀರಿನ ಮಾತು ಮಾತ್ರ ನುಂಗಿದ. ಈಗ ಸದ್ದೇ ಇಲ್ಲ, ಏಳು ಹೋಗೋಣ ಎಂದ. ಸುಭದ್ರಾಬಾಯಿ ತಮ್ಮನ ಚರ್ಮ ಕಿತ್ತ ಬೆರಳನ್ನು ನೋಡುತ್ತ ಕೂತಳು, ಏಳಲಿಲ್ಲ.

"ಕಾರಿನ ಮಾತಲ್ಲ, ನರಸಿಂಗ. ನಾ ಸುಳ್ಳ ಹೇಳ್ದೆ. ಅವತ್ತ ನಿಮ್ಮ ಮನ್ಯಾಗ ಕಾಂತಾ ನನಗ ಬಕೇಟ ತುಂಬ ನೀರ ಕೊಟ್ಟಳು. ತಾ ಹಿತ್ತಲಕ ಹೋಗಿ ತಾಟು ನೀರಿಲ್ದೆ ಬೂದೀಲೆ ತಿಕ್ಕಿ ಅರಬೀಲೆ ಒರಸ್ಲತಿದ್ದಳು. ನಾ ನೋಡ್ದೆ. ನಾ ಬಂದು ಬಿದ್ದರ ತಿಂಗಳಗಟ್ಲೆ ನೀವು ಏನು ಕುಡೀತೀರಿ?"

ನರಸಿಂಗ ಧೊಪ್ಪನೆ ಹೊಸ್ತಿಲ ಮೇಲೆ ಕೂತ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮೈಯ ಆಯಾಸಕ್ಕೆ ಅಳು ಒತ್ತರಿಸಿತು. ಸೊಂಟದ ಮೇಲೆ ಹೊತ್ತವಳ ಮುಂದೆ ನಾಚಿಕೆ ಏನು, ಅತ್ತ. ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು, ನುಂಗಿದ್ದನ್ನೂ ಹೇಳಿಬಿಟ್ಟ.

"ನಿನ್ನ ಸಲೇಕ ಆಕಿ ನಿನ್ನೆ ಕುಡಿಯೋ ನೀರಿನ ಕೊಡಾನೇ ಕಾರಿಗಿ ಹಾಕ್ಯಾಳ, ಅಕ್ಕ. ನಿನ್ನೆಯಿಂದ ನಾವು ಅರ್ಧ ಅರ್ಧ ಲೋಟ ಕುಡದೀವಿ. ನಾ ಖಾಲಿ ಕಾರು ತಗೊಂಡು ಹೋಗಿ ಆಕಿಗಿ ಏನ್ ಹೇಳಲಿ?"

ಮುನ್ನಿಬೀ ಸೆರಗು ಬಾಯಿಗೆ ಒತ್ತಿಕೊಂಡಳು. ಸುಭದ್ರಾಬಾಯಿ ತಮ್ಮನನ್ನೇ ನೋಡಿದಳು, ಬಾಗಿಲ ಹೊರಗೆ ನಿಂತ ಕಾರನ್ನು ನೋಡಿದಳು. ಆಮೇಲೆ ಅವನನ್ನು ಹತ್ತಿರ ಕರೆದು ಕೈ ಎತ್ತಿ ಕೊರಳಿಗೆ ಹಾಕಿದಳು. ಅವನು ಎತ್ತಲು ಬಗ್ಗಿದಾಗ ತಡೆದಳು.

"ಮೊದಲು ಆ ಎರಡೂ ಕೊಡ ಕಾರಿನಾಗ ಇಡು. ಆಮ್ಯಾಲ ನನಗ ಎತ್ತು."