ದಶಮಿಯ ದಿನ ನಾನು ಸಹಿ ಹಾಕದ ಕಾಗದ

ಮೊನ್ನೆ ನಿಮ್ಮ ಅಪ್ಪನ ಲ್ಯಾಪ್‌ಟಾಪಿನ ಮೇಲೆ ಕೂತಿದ್ದ ಧೂಳನ್ನು ಸೆರಗಿನಿಂದ ಒರೆಸುತ್ತಿದ್ದೆ. ನಿಮ್ಮಲ್ಲಿ ದೊಡ್ಡವಳು ಓಡಿ ಬಂದು, "ಪಾಟಿ, ತೊಡಾದೀಂಗ, ಏನಾದ್ರೂ ಡಿಲೀಟ್ ಆಗಿಬಿಡತ್ತೆ" ಎಂದಳು, ಅಜ್ಜೀ ಮುಟ್ಟಬೇಡಿ ಎಂದು ಅರ್ಧ ತಮಿಳಿನಲ್ಲಿ. ಚಿಕ್ಕವನು ನಕ್ಕ. ನಾನು ಕೈ ತೆಗೆದೆ. ನನಗೆ ಎದುರು ಮಾತು ಆ ಗಳಿಗೆಗೆ ಬರುವುದಿಲ್ಲ. ಎರಡು ದಿನ ಬಿಟ್ಟು ಬರುತ್ತದೆ, ಅದೂ ಕಾಗದದ ಮೇಲೆ. ಅದಕ್ಕೇ ಬರೆಯಲು ಕೂತಿದ್ದೇನೆ. ಕನ್ನಡದಲ್ಲೇ ಬರೆಯುತ್ತೇನೆ. ಓದಲು ತಡವರಿಸಿದರೆ ತಡವರಿಸಿ, ಇಲ್ಲವೇ ಅಪ್ಪನ ಹತ್ತಿರ ಓದಿಸಿಕೊಳ್ಳಿ.

ನಿಮ್ಮ ತಾತ ಮೈಲಾಪೂರಿನ ಒಂದು ಸಣ್ಣ ಆಫೀಸಿನಲ್ಲಿ ಕೆಲಸಕ್ಕಿದ್ದರು. ವಾರಪತ್ರಿಕೆ, ಮಾಸಪತ್ರಿಕೆಗಳ ಚಂದಾದಾರರ ವಿಳಾಸಗಳನ್ನು ಇಟ್ಟುಕೊಂಡು, ಪ್ರತಿ ಸಂಚಿಕೆಗೂ ವಿಳಾಸದ ಚೀಟಿ ಅಚ್ಚು ಮಾಡಿ, ಅಂಟಿಸಿ, ಅಂಚೆಗೆ ಕೊಡುವ ಆಫೀಸು ಅದು. ತಾತ ತೀರಿಕೊಂಡಾಗ ನಿಮ್ಮ ಅಪ್ಪ ಎಂಟನೇ ಕ್ಲಾಸಿನಲ್ಲಿದ್ದ. ತಿಥಿ ಮುಗಿದ ವಾರ ಆಫೀಸಿನ ಮಾಲೀಕರು, ಅಲ್ಲಿ ಎಲ್ಲರೂ ಮೊದಲಾಳಿ ಎನ್ನುತ್ತಿದ್ದವರು, ತಾಂಬರಂನ ನಮ್ಮ ಮನೆಗೆ ಬಂದು, ನನಗೂ ಅಲ್ಲೇ ಕೆಲಸ ಕೊಡುವುದಾಗಿ ಹೇಳಿದರು. ಅವರ ಮನೆತನ ಮೂರು ತಲೆಮಾರಿನಿಂದ ಮದ್ರಾಸಿನದು. ಮನೆಯಲ್ಲಿ ಕನ್ನಡ ಆಡುತ್ತಿದ್ದರು, ಅರ್ಧ ತಮಿಳು ಬೆರೆಸಿ. ಒಳ್ಳೆಯವರೇ. ಆದರೆ ಒಳ್ಳೆಯವರು ಕೂಡ ಏನು ಮಾಡಬಲ್ಲರು ಎಂಬುದನ್ನೇ ನಾನು ಈಗ ಹೇಳಹೊರಟಿರುವುದು.

ನಾನು ಓದಿದ್ದು ಮಂಡ್ಯ ಕಡೆಯ ಹಳ್ಳಿಯ ಶಾಲೆಯಲ್ಲಿ, ಹತ್ತನೆಯವರೆಗೆ. ಇಂಗ್ಲಿಷ್ ಪಾಠವನ್ನೂ ಕನ್ನಡ ಮೇಷ್ಟ್ರೇ ಮಾಡುತ್ತಿದ್ದರು. ಆಫೀಸಿನಲ್ಲಿ ಎರಡು ವರ್ಷ ಚೀಟಿ ಅಂಟಿಸಿದೆ. ಆಮೇಲೆ ವಿಳಾಸ ಟೈಪ್ ಮಾಡಲು ಕಲಿತೆ. ಸರ್ವರ್ ನೋಡಿಕೊಳ್ಳುತ್ತಿದ್ದವನು ಬೇರೆ ಕೆಲಸಕ್ಕೆ ಹೋದಾಗ ಆ ಕುರ್ಚಿ ನನಗೆ ಬಂತು. ಎ.ಸಿ. ಹಾಕಿದ ಆ ಗೂಡಿನಂಥ ಕೋಣೆಯಲ್ಲಿ ಒಬ್ಬರೇ ಕೂರಲು ಬೇರೆ ಯಾರೂ ಒಪ್ಪಿರಲಿಲ್ಲ. ನನಗೆ ಅದೇ ಬೇಕಾಗಿತ್ತು. ಯಾರ ಜೊತೆಯೂ ಮಾತಾಡಬೇಕಿಲ್ಲ. ಬುಧವಾರ ಬೆಳಗ್ಗೆ ನನ್ನ ಹೆಸರಿನ ಲಾಗಿನ್‌ನಲ್ಲಿ ಒಳಗೆ ಹೋಗಿ ಒಂದು ಪದ ಟೈಪ್ ಮಾಡಿದರೆ ಸಾಕು, ಸ್ಕ್ರಿಪ್ಟ್ ಓಡುತ್ತಿತ್ತು. ಸ್ಕ್ರಿಪ್ಟ್ ಎಂದರೆ ಒಂದರ ಹಿಂದೊಂದು ಮಾಡಬೇಕಾದ ಕೆಲಸಗಳನ್ನು ಬರೆದಿಟ್ಟ ಪಟ್ಟಿ, ಅದನ್ನು ಯಂತ್ರ ತಾನೇ ಓದಿಕೊಂಡು ಮಾಡುತ್ತದೆ. ಸಾವಿರಾರು ವಿಳಾಸಗಳನ್ನು ಪಿನ್‌ಕೋಡಿನ ಪ್ರಕಾರ ಜೋಡಿಸಿ ಪ್ರಿಂಟರಿಗೆ ಕಳಿಸುತ್ತಿತ್ತು.

ಯಂತ್ರ ಏನಾದರೂ ತಕರಾರು ಹೇಳಿದರೆ ಅದನ್ನು ಒಂದಕ್ಷರ ಬಿಡದೆ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುವುದು ನನ್ನ ಪದ್ಧತಿ. ಅರ್ಥವಾಗಲಿ ಬಿಡಲಿ, ರಂಗೋಲಿಯ ಚುಕ್ಕಿ ನೋಡಿಕೊಂಡು ಇಟ್ಟ ಹಾಗೆ ಇಡುತ್ತಿದ್ದೆ. ಕೆಳಗೆ, ರಿಪೇರಿ ಮಾಡಿದವರು ಅದಕ್ಕೆ ಏನು ಹೇಳಿದರು, ಏನು ಮಾಡಿದರು ಎಂದು ಕನ್ನಡದಲ್ಲಿ. ಹೊರಗೆ ಕೂರುತ್ತಿದ್ದ ಟೈಪಿಸ್ಟ್, ನನಗಿಂತ ಐದು ವರ್ಷ ದೊಡ್ಡವಳು, ಹುಟ್ಟಿ ಬೆಳೆದದ್ದೆಲ್ಲ ಮೈಲಾಪೂರೇ, ಇಣುಕಿ ನೋಡಿ, "ಏನ್ಮಾ, ದಿನಾ ಶ್ರೀರಾಮಜಯಂ ಬರೀತೀಯಾ? ಪುಣ್ಯದಲ್ಲಿ ನನಗೂ ಸ್ವಲ್ಪ ಕೊಡು" ಎಂದು ತಮಿಳಿನಲ್ಲಿ ರೇಗಿಸುತ್ತಿದ್ದಳು.

ಈಗ ಆಯುಧ ಪೂಜೆಯ ವಿಷಯ. ನಮ್ಮ ಮೊದಲಾಳಿಗೆ ಒಂದು ಹಟ ಇತ್ತು. ಪೂಜೆಯ ಹೊತ್ತಿಗೆ ಆಫೀಸಿನಲ್ಲಿ ಒಂದು ಚೂರು ಕಸ ಇರಬಾರದು. ಡ್ರಾಯರು, ಕಪಾಟು, ಮೇಜಿನ ಅಡಿ, ಎಲ್ಲ ಖಾಲಿಯಾಗಬೇಕು. ಆ ವರ್ಷ, ಎರಡು ಸಾವಿರ ಬಂದು ನಾಲ್ಕೋ ಐದೋ ವರ್ಷವಾಗಿರಬೇಕು, ಸಿಸ್ಟಮ್ ಸಾರ್‌ಗೂ ಅದೇ ಆಜ್ಞೆಯಾಯಿತು. ಸಿಸ್ಟಮ್ ಸಾರ್ ಎಂದರೆ ನಮ್ಮ ಸರ್ವರನ್ನು ರಿಪೇರಿ ಮಾಡುತ್ತಿದ್ದವರು. ಶೋಳಿಂಗನಲ್ಲೂರ್ ಕಡೆ ದೊಡ್ಡ ಕಂಪನಿಯಲ್ಲಿ ಕೆಲಸ, ನಮ್ಮಲ್ಲಿಗೆ ವಾರಕ್ಕೊಮ್ಮೆ ಬೈಕಿನಲ್ಲಿ ಬಂದು ಹೋಗುತ್ತಿದ್ದರು. "ಮೆಷಿನ್ ಒಳಗಡೆ ಇರೋ ಕುಪ್ಪೆ ಕೂಡ ತೆಗೆದುಬಿಡಿ ಸಾರ್, ಸರಸ್ವತಿ ಅದರಲ್ಲೂ ಕೂತ್ಕೋಬೇಕಲ್ಲ" ಎಂದು ಮೊದಲಾಳಿ ಹೇಳಿದ್ದನ್ನು ನಾನೇ ಕೇಳಿಸಿಕೊಂಡಿದ್ದೆ. ಕುಪ್ಪೆ ಎಂದರೆ ತಮಿಳಿನಲ್ಲಿ ಕಸ.

ಪೂಜೆಯ ದಿನ ಮೊದಲಾಳಿಯ ಹೆಂಡತಿ, ನಾವೆಲ್ಲ ಮಾಮಿ ಎನ್ನುತ್ತಿದ್ದವರು, ಮೇಜು, ಪ್ರಿಂಟರು, ತೂಕದ ಯಂತ್ರ ಎಲ್ಲಕ್ಕೂ ಗಂಧ ಕುಂಕುಮ ಇಡುತ್ತಾ ಬಂದರು. ನನ್ನ ಕೋಣೆಯ ಚಳಿಗೆ ಹೆದರಿ ಬಾಗಿಲಲ್ಲೇ ನಿಂತರು. ಟೈಪಿಸ್ಟ್ ಹಿಡಿದಿದ್ದ ಬಟ್ಟಲಿನಿಂದ ನಾನೇ ಗಂಧ ತೆಗೆದುಕೊಂಡು ಸರ್ವರಿಗೆ ಇಟ್ಟು, ಮೇಲೆ ಕುಂಕುಮ ಒತ್ತಿದೆ. ಮಾಮಿ ಬಾಗಿಲಿನಿಂದಲೇ ನೋಡಿದರು. ಗಂಡನನ್ನು ಕಳೆದುಕೊಂಡವಳು ಪೂಜೆಯ ಕುಂಕುಮ ಮುಟ್ಟಬಾರದು ಎನ್ನುತ್ತಾರೆ, ನಾನು ಇಟ್ಟದ್ದು ಅದನ್ನು ಮರೆತು ಅಲ್ಲ, ಅವಸರದಿಂದಲೂ ಅಲ್ಲ. ಯಂತ್ರ ಓಡಿಸುವವಳು ನಾನು, ಇಡಬೇಕಾದವಳೂ ನಾನೇ ಎಂದು ಇಟ್ಟೆ. ಬೇರೆ ಯಾರಿಗೂ ಇದನ್ನು ನಾನು ಹೇಳಿರಲಿಲ್ಲ.

ಮಾರನೆಯ ದಿನ ವಿಜಯದಶಮಿ, ಬುಧವಾರ. ಊರಿಗೆಲ್ಲ ರಜೆ. ಆದರೂ ಪೂಜೆಗೆ ಇಟ್ಟ ಆಯುಧವನ್ನು ಅವತ್ತು ಒಮ್ಮೆ ಬಳಸಿ ಕೆಲಸ ಶುರು ಮಾಡಬೇಕು, ಆ ಮೊದಲ ಕೆಲಸ ಕೈಗೂಡಿದರೆ ವರ್ಷವೆಲ್ಲ ಕೈಗೂಡುತ್ತದೆ ಎಂದು ಮೊದಲಾಳಿಯ ನಂಬಿಕೆ. ಮಾಮಿಯೂ ಬಂದಿದ್ದರು, ಟೈಪಿಸ್ಟ್ ಕೂಡ. ಎಲ್ಲರೂ ನನ್ನ ಬೆನ್ನ ಹಿಂದೆ ನಿಂತರು. ನಾನು ಆ ಒಂದು ಪದ ಟೈಪ್ ಮಾಡಿದೆ.

ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ನಿಂತುಹೋಯಿತು. ಪರದೆಯ ಮೇಲೆ ಒಂದೇ ಸಾಲು. ಕೆನಾಟ್ ಕ್ರಿಯೇಟ್ ಟೆಂಪೊರರಿ ಫೈಲ್ ಎಂದು ಮೊದಲು, ಸರ್ವರಿನ ಒಂದು ಫೋಲ್ಡರಿನ ಹೆಸರು ನಡುವೆ, ಕೊನೆಗೆ ನೋ ಸಚ್ ಫೈಲ್ ಆರ್ ಡೈರೆಕ್ಟರಿ. ಇನ್ನೊಮ್ಮೆ ಮಾಡಿದೆ. ಅದೇ.

ನಾನು ನೋಟ್‌ಬುಕ್ ತೆಗೆದು ಬರೆದುಕೊಳ್ಳತೊಡಗಿದೆ. ಹಿಂದಿನಿಂದ ಮಾಮಿಯ ಧ್ವನಿ ಕೇಳಿತು.

"ಕುಂಕುಮ ಇಟ್ಟ ಕೈ ಯಾರದು ಅಂತ ನೋಡ್ಬೇಕಾಗಿತ್ತು. ನಾನು ಆವಾಗ್ಲೇ ಹೇಳ್ಬೇಕು ಅಂದ್ಕೊಂಡೆ."

ಪೆನ್ನು ಹಾಗೇ ನಿಂತಿತು. ಆಮೇಲೆ ಆ ಸಾಲನ್ನು ಪೂರ್ತಿ ಮಾಡಿದೆ.

ಫೋನು ಮಾಡಿ ಕರೆಸಿದ ಸಿಸ್ಟಮ್ ಸಾರ್ ಒಂದು ಗಂಟೆಯಲ್ಲಿ ಬಂದರು. ನೋಡಿ, "ಟೆಂಪ್ ಫೋಲ್ಡರೇ ಇಲ್ಲ. ಯಾರೋ ಅಳಿಸಿದ್ದಾರೆ" ಎಂದರು. ಅದು ಏನೆಂದು ನಿಮಗೆ ತಿಳಿಯಬೇಕಾದರೆ ಅಕ್ಕಿ ಹಸನು ಮಾಡುವುದನ್ನು ನೆನೆಸಿಕೊಳ್ಳಿ. ಮೊರ ಇಲ್ಲದೆ ಅಕ್ಕಿಯನ್ನು ಎಲ್ಲಿ ಹರಡುತ್ತೀರಿ? ಯಂತ್ರ ವಿಳಾಸಗಳನ್ನು ಜೋಡಿಸುವಾಗ ಅರ್ಧ ಮಾಡಿದ್ದನ್ನು ಹರಡಿಕೊಳ್ಳಲು ಒಂದು ಜಾಗ ಬೇಕು. ಕೆಲಸ ಮುಗಿದ ಮೇಲೆ ಅಲ್ಲಿ ಉಳಿದದ್ದು ಕಸವೇ, ಆದರೆ ಜಾಗ ಕಸವಲ್ಲ.

"ಈ ಮೆಷಿನ್ ಹತ್ತಿರ ಕೂರೋದು ಇವರೊಬ್ಬರೇ ತಾನೇ?" ಎಂದು ಅವರು ನನ್ನ ಕಡೆ ನೋಡದೆ ಮೊದಲಾಳಿಯನ್ನು ಕೇಳಿದರು. ಆ ಹೆಸರಿನ ಫೋಲ್ಡರನ್ನು ಮತ್ತೆ ಮಾಡಿದರು. "ಈಗ ಓಡಿಸಿಮ್ಮಾ."

ಓಡಿಸಿದೆ. ಮತ್ತೆ ನಿಂತಿತು. ಮತ್ತೆ ಕೆನಾಟ್ ಕ್ರಿಯೇಟ್.

"ಅದೇ ಎರರ್. ಡಿಸ್ಕೇ ಕೆಟ್ಟಿರಬೇಕು. ಮೆಷಿನ್ ತಗೊಂಡು ಹೋಗಿ ಎಲ್ಲ ಹೊಸದಾಗಿ ಹಾಕ್ಬೇಕು, ಒಂದು ವಾರ" ಎಂದರು. ಮಾಮಿ ಹೊರಗೆ ಹೋಗಿ ಕೂತರು. ಮೊದಲಾಳಿ ತಮ್ಮ ಕೋಣೆಗೆ ನನ್ನನ್ನು ಕರೆದು ಒಂದು ಹಾಳೆ ಮುಂದಿಟ್ಟರು. ನನ್ನ ಅಜಾಗರೂಕತೆಯಿಂದ ಫೋಲ್ಡರು ಅಳಿಸಿಹೋಯಿತು ಎಂದು ನನ್ನ ಹೆಸರಿನಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದರು.

"ಸುಮ್ಮನೆ ಒಂದು ಸೈನ್ ಹಾಕಿ ಕೊಟ್ಟುಬಿಡಮ್ಮಾ. ಪತ್ರಿಕೆಯವರಿಗೆ ಏನಾದ್ರೂ ತೋರಿಸ್ಬೇಕಲ್ಲ. ಕೆಲಸದಿಂದ ತೆಗೆಯೋಲ್ಲ ನಿನ್ನ. ಮೊದಲಿನ ಹಾಗೆ ಅಂಟಿಸೋ ಮೇಜಿಗೆ ಹೋಗು, ನಿನಗೂ ಟೆನ್ಷನ್ ಇಲ್ಲ. ಯಾಕೆ ವಂಬು?"

ವಂಬು ಎಂದರೆ ಜಗಳ. ನಾನು ಜಗಳವನ್ನೇ ಆಡಿರಲಿಲ್ಲ. ಒಂದು ಮಾತನ್ನೂ ಆಡಿರಲಿಲ್ಲ. ಆ ಸಹಿ ಹಾಕಿದರೆ ನನ್ನ ಕುರ್ಚಿ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಮಾಮಿಯ ಮಾತಿಗೆ ನಾನೇ ಒಪ್ಪಿಗೆ ಬರೆದುಕೊಟ್ಟ ಹಾಗೆ ಆಗುತ್ತದೆ. ತಮಿಳು, ಆಫೀಸಿನ ಕನ್ನಡ, ಎಲ್ಲ ಮರೆತುಹೋಗಿ ನಮ್ಮೂರಿನ ಮಾತೇ ಬಾಯಿಗೆ ಬಂತು.

"ನಾ ಮಾಡಿಲ್ಲ ಸಾರ್. ಮಾಡ್ದೇ ಇರೋದ್ಕೆ ಸೈನ್ ಹಾಕಾಕಿಲ್ಲ."

"ಏನಂದೆ?"

"ಹಾಕಾಕಿಲ್ಲ."

ಎದ್ದು ನನ್ನ ಕೋಣೆಗೆ ಬಂದೆ. ಎರಡನೆಯ ಸಲ ಬಂದ ಸಾಲು ಇನ್ನೂ ಪರದೆಯ ಮೇಲೆ ಇತ್ತು. ಅದನ್ನೂ ನೋಟ್‌ಬುಕ್ಕಿಗೆ ಇಳಿಸಿಕೊಂಡೆ, ಮೊದಲನೆಯದರ ಕೆಳಗೇ. ಆಗ ಕಂಡಿತು. ಮುಂದಿನ ಭಾಗ ಎರಡರಲ್ಲೂ ಒಂದೇ. ಬಾಲ ಬೇರೆ. ಮೊದಲನೆಯದು ನೋ ಸಚ್ ಫೈಲ್ ಎಂದಿತ್ತು. ಈಗ ಬಂದದ್ದು ಪರ್ಮಿಷನ್ ಡಿನೈಡ್.

ಆ ಎರಡು ಪದ ಮೊದಲೂ ಬರೆದ ನೆನಪು. ಹಿಂದಿನ ಹಾಳೆಗಳನ್ನು ತಿರುವಿದೆ. ಬೇಸಿಗೆಯಲ್ಲಿ ಒಮ್ಮೆ ಟೈಪಿಸ್ಟ್‌ಗೆ ಬಂದಿತ್ತು. ಕೆಳಗೆ ನನ್ನದೇ ಅಕ್ಷರ: "ಜಾಗ ಇದೆ, ನಮಗೆ ಒಳಗೆ ಬಿಡುತ್ತಿಲ್ಲ. ಸಿಸ್ಟಮ್ ಸಾರ್ ಮಾಸ್ಟರ್ ಲಾಗಿನ್‌ನಲ್ಲಿ ಮಾಡಿದ್ದು. ಎಲ್ಲರಿಗೂ ಬಾಗಿಲು ತೆರೆದರು, ಸರಿಹೋಯಿತು."

ಸಿಸ್ಟಮ್ ಸಾರ್ ವೈರುಗಳನ್ನು ಬಿಚ್ಚಲು ಸ್ಕ್ರೂಡ್ರೈವರ್ ಹಿಡಿದು ಬಂದರು. ನಾನು ನೋಟ್‌ಬುಕ್ ಅವರ ಮುಂದೆ ಹಿಡಿದೆ, ಎರಡು ಸಾಲುಗಳ ಕೊನೆಯನ್ನೂ ಬೆರಳಿನಿಂದ ತೋರಿಸಿದೆ. ಅವರು ಓದಿದರು, ಪರದೆ ನೋಡಿದರು, ಮತ್ತೆ ಓದಿದರು. ಸ್ಕ್ರೂಡ್ರೈವರ್ ಮೇಜಿನ ಮೇಲಿಟ್ಟು ಎಲ್ಲರಿಗೂ ಬಾಗಿಲು ತೆರೆಯುವ ಸಾಲನ್ನು ಟೈಪ್ ಮಾಡಿ, "ಹಾಂ... ಈಗ ಓಡಿಸಿ" ಎಂದು ಮೆಲ್ಲಗೆ ಹೇಳಿದರು.

ನಾನು ಓಡಿಸಲಿಲ್ಲ.

ಮೊದಲಾಳಿ ಬಾಗಿಲಲ್ಲಿ ಬಂದು ನಿಂತಿದ್ದರು. "ಓಡಿಸಮ್ಮಾ, ಹನ್ನೆರಡಕ್ಕೆ ರಾಹುಕಾಲ ಶುರುವಾಗತ್ತೆ."

"ಬರ್ಲಿ ಸಾರ್. ಮೊದ್ಲು ಇವ್ರು ನನ್ ಲಾಗಿನ್‌ನಾಗೆ ಈ ಫೋಲ್ಡರ್ ಅಳಿಸಿ ತೋರಿಸ್ಲಿ."

"ಅಯ್ಯೋ, ಈಗ ತಾನೇ ಸರಿ ಮಾಡಿದ್ದನ್ನ?"

"ಅಳಿಸೋಕಾದ್ರೆ ಅಳಿಸ್ಲಿ. ಆಗ್ಲೇ ಸೈನ್ ಹಾಕ್ತೀನಿ."

ನನ್ನ ಲೆಕ್ಕ ಇಷ್ಟೇ. ಅವರು ಮಾಡಿದ ಫೋಲ್ಡರಿನ ಒಳಗೆ ಒಂದು ಫೈಲು ಇಡಲೂ ಯಂತ್ರ ನನ್ನನ್ನು ಬಿಡದಿದ್ದರೆ, ಆ ಫೋಲ್ಡರನ್ನೇ ಕಿತ್ತುಹಾಕಲು ಬಿಟ್ಟೀತೇ? ಗಟ್ಟಿಯಾಗಿ ಗೊತ್ತಿರಲಿಲ್ಲ. ಬಿಟ್ಟಿದ್ದರೆ ಅವತ್ತೇ ನನ್ನ ಕಥೆ ಮುಗಿಯುತ್ತಿತ್ತು. ಹೊರಗಿನಿಂದ ಟೈಪಿಸ್ಟ್ ಬಂದಳು, ಅವಳ ಹಿಂದೆ ಮಾಮಿ. "ಇವಳು ಬಾಯಿ ಬಿಟ್ಟಿದ್ದಾಳೆ, ಇವತ್ತು ಮದ್ರಾಸಿಗೆ ಮಳೆ ಗ್ಯಾರಂಟಿ" ಎಂದಳು ಟೈಪಿಸ್ಟ್.

ಸಿಸ್ಟಮ್ ಸಾರ್ ನನ್ನ ಲಾಗಿನ್‌ನಲ್ಲಿ ಅಳಿಸುವ ಆಜ್ಞೆ ಕೊಟ್ಟರು. ಪರ್ಮಿಷನ್ ಡಿನೈಡ್. ಬೇರೆ ತರಹ ಕೊಟ್ಟರು. ಪರ್ಮಿಷನ್ ಡಿನೈಡ್.

"ಇನ್ಯಾರ್ ಲಾಗಿನ್‌ನಾಗೆ ಆಯ್ತದೆ ಸಾರ್?" ಎಂದು ಕೇಳಿದೆ.

ಅವರು ತಲೆ ತಗ್ಗಿಸಿ ಕುತ್ತಿಗೆ ಉಜ್ಜಿಕೊಂಡರು. ಮಾಸ್ಟರ್ ಲಾಗಿನ್ ಒಂದರಲ್ಲೇ ಆಗುವುದು, ಅದರ ಪಾಸ್‌ವರ್ಡ್ ಇರುವುದು ತಮ್ಮೊಬ್ಬರ ಹತ್ತಿರ ಎಂದು ಒಪ್ಪಿಕೊಂಡರು. "ಪೂಜೆಗೆ ಕ್ಲೀನ್ ಮಾಡಿ ಅಂದ್ರಲ್ಲ ಸಾರ್ ನೀವು" ಎಂದರು ಮೊದಲಾಳಿಗೆ. "ಟೆಂಪ್ ಅಂತ ಇತ್ತು, ಒಳಗೆಲ್ಲ ಹಳೇ ಕುಪ್ಪೆ. ಒಳಗಿರೋದನ್ನ ಮಾತ್ರ ತೆಗೀಬೇಕಿತ್ತು. ಅವಸರದಲ್ಲಿ ಫೋಲ್ಡರ್ ಸಮೇತ ತೆಗೆದುಬಿಟ್ಟಿದ್ದೀನಿ." ಒಳ್ಳೆಯ ಮನುಷ್ಯ, ಸುಳ್ಳು ಹೇಳಲಿಲ್ಲ. ತಾನು ಅಳಿಸಿದ್ದು ಇದನ್ನೇ ಎಂಬುದು ಅವರಿಗೆ ಆ ಗಳಿಗೆಯವರೆಗೂ ಹೊಳೆದಿರಲಿಲ್ಲ ಎಂದು ನಾನು ಈಗಲೂ ನಂಬುತ್ತೇನೆ. ಆದರೆ ನನ್ನ ಮೇಲೆ ಹಾಕುವುದು ಮಾತ್ರ ಎಷ್ಟು ಬೇಗ ಹೊಳೆದಿತ್ತು ನೋಡಿ.

"ಸರಿ, ಪರವಾಯಿಲ್ಲೆ, ನಲ್ಲ ನಾಳು. ಎಲ್ಲ ಮರೆತುಬಿಡೋಣ" ಎಂದರು ಮೊದಲಾಳಿ. ಒಳ್ಳೆಯ ದಿನವಂತೆ. ಅರ್ಧ ಗಂಟೆಯ ಹಿಂದೆ, ನನ್ನ ಪಾಲಿಗೂ ಅದು ಒಳ್ಳೆಯ ದಿನವಾಗಬೇಕು ಎಂದು ಯಾರಿಗೂ ಅನ್ನಿಸಿರಲಿಲ್ಲ.

ಸರ್ವರಿನ ಪಕ್ಕ ರಿಪೇರಿಯ ರಿಜಿಸ್ಟರ್ ಇರುತ್ತಿತ್ತು. ಅದನ್ನು ತೆರೆದು ಸಿಸ್ಟಮ್ ಸಾರ್ ಮುಂದೆ ಇಟ್ಟೆ. ಯಾಕೆ ನಿಂತಿತು, ಯಾರು ಅಳಿಸಿದ್ದು, ಹೇಗೆ ಸರಿಹೋಯಿತು, ಎಲ್ಲ ಬರೆದು ಸಹಿ ಹಾಕಿದರು. ಆ ಪುಟವನ್ನು ಟೈಪಿಸ್ಟ್ ಗಟ್ಟಿಯಾಗಿ ಓದಿ ತಮಿಳಿನಲ್ಲಿ ಅರ್ಥ ಹೇಳಿದಳು, ಯಾರೂ ಕೇಳದಿದ್ದರೂ. ಆಮೇಲೆ ನಾನು ಸ್ಕ್ರಿಪ್ಟ್ ಓಡಿಸಿದೆ. ಹನ್ನೆರಡು ದಾಟಿತ್ತು. ಪ್ರಿಂಟರಿನಿಂದ ಚೀಟಿಗಳು ಬರತೊಡಗಿದವು.

ಮಾಮಿ ಹತ್ತಿರ ಬಂದರು. "ಏನೋ ಬಾಯಿಗೆ ಬಂದುಬಿಡ್ತು, ಮನಸ್ಸಲ್ಲಿ ಇಟ್ಕೋಬೇಡ."

"ನಿಮ್ಮ ಮನಸ್ಸಲ್ಲಿ ಇದ್ದದ್ದೇ ಬಾಯಿಗೆ ಬಂತು ಮಾಮಿ" ಎಂದೆ. ನನ್ನ ಬದುಕಿನಲ್ಲಿ ಎರಡು ದಿನ ಕಾಯದೆ ಉತ್ತರ ಕೊಟ್ಟದ್ದು ಆ ಒಂದು ದಿನವೇ ಇರಬೇಕು.

ಮೊದಲಾಳಿಯ ಕೋಣೆಗೆ ಹೋದೆ. ಆ ಹಾಳೆ ಮೇಜಿನ ಮೇಲೇ ಇತ್ತು, ಅವರು ಅದನ್ನು ಮಡಿಸಿ ಜೇಬಿಗೆ ಹಾಕಲು ಹೊರಟಿದ್ದರು.

"ಅದನ್ನ ನನಗೆ ಕೊಡಿ ಸಾರ್. ನನ್ನ ಹೆಸರಲ್ಲಿ ಬರೆದದ್ದು."

ಕೊಟ್ಟರು. ಅವರೆದುರಿಗೇ ನಾಲ್ಕು ಚೂರು ಮಾಡಿ, ಪೂಜೆಗೆಂದು ತೊಳೆದು ಒಣಗಿಸಿಟ್ಟಿದ್ದ ಬುಟ್ಟಿಗೆ ಹಾಕಿದೆ.

"ದಶಮಿ ದಿನ ಕುಪ್ಪೆ ಮಾಡ್ಬೇಡಮ್ಮಾ" ಎಂದರು ಅವರು, ಸ್ವಲ್ಪ ನಗುತ್ತಾ, ನಾನೂ ನಗಲಿ ಎಂದು.

ನಾನು ನಗಲಿಲ್ಲ. ಪ್ರಿಂಟರಿನಲ್ಲಿ ಕಾಗದ ಮುಗಿಯುವ ಹೊತ್ತಾಗಿತ್ತು, ಹೊಸ ಕಾಗದ ತುಂಬಿಸಿ, ನನ್ನ ಕೋಣೆಗೆ ಹೋಗಿ ಕುರ್ಚಿಯಲ್ಲಿ ಕೂತೆ.