ಉದ್ಯಾನದ ಜಾಗ, ಬಡವರ ಹೆಸರು

ದಾವಣಗೆರೆ ಜಿಲ್ಲಾ ಕೇಂದ್ರವಾದ ಮರುವರ್ಷ ನಾನು ಅಲ್ಲಿಗೆ ಸಹಾಯಕ ನಗರ ಯೋಜಕಿಯಾಗಿ ವರ್ಗವಾಗಿ ಬಂದೆ. ಊರು ಹರಿಹರದ ಕಡೆಗೆ ದಿನದಿನಕ್ಕೂ ಹಬ್ಬುತ್ತಿತ್ತು. ಜೋಳ ಬೆಳೆಯುತ್ತಿದ್ದ ಹೊಲಗಳಲ್ಲಿ ಕಲ್ಲು ನೆಟ್ಟು ಸೈಟು ಮಾರುತ್ತಿದ್ದರು. ಹೊಸ ಬಡಾವಣೆಗಳ ನಕ್ಷೆ ಪರಿಶೀಲಿಸುವುದು ನನ್ನ ಕೆಲಸ. ಲೇಔಟ್ ಮಾಡುವವರು ರಸ್ತೆ, ಚರಂಡಿಯ ಜೊತೆಗೆ ಒಂದು ಪಾಲು ನೆಲವನ್ನು ಉದ್ಯಾನಕ್ಕೆ ಬಿಡಲೇಬೇಕು. ಕಚೇರಿಯ ಮಾತಿನಲ್ಲಿ ಅದು 'ಓಪನ್ ಸ್ಪೇಸ್'. ಒಮ್ಮೆ ಬಿಟ್ಟರೆ ಅದು ಸಾರ್ವಜನಿಕರ ಸ್ವತ್ತು.

ಹರಿಹರ ರಸ್ತೆಯ ಒಂದು ಬಡಾವಣೆಯ ಸಾಹುಕಾರರು ಆ ಸ್ವತ್ತನ್ನೇ ವಾಪಸ್ ಕೇಳಿ ಅರ್ಜಿ ಹಾಕಿದರು. ಮುಚ್ಚಿಹೋದ ಹತ್ತಿ ಗಿರಣಿಗಳ ಕಾರ್ಮಿಕರಿಗೆ ಅಲ್ಲಿ ಮನೆ ಕಟ್ಟಿಸುತ್ತಾರಂತೆ. ನಮ್ಮ ಮೇಲಧಿಕಾರಿ ಅರ್ಜಿಯನ್ನು ನನ್ನ ಮೇಜಿನ ಮೇಲಿಟ್ಟು, "ಬಡವರ ವಿಷಯ. ಬ್ಯಾಡ ಅಂತ ಬರೆದು ಕೆಟ್ಟ ಹೆಸರು ತಗೋಬ್ಯಾಡ್ರಿ" ಎಂದರು.

ಮರುದಿನವೇ ಜಾಗ ನೋಡಲು ಹೋದೆ. ಉದ್ಯಾನವೆಂದರೆ ಬರೀ ಬಯಲು, ಅಂಚಿಗೆ ನಾಲ್ಕಾರು ಬೇವಿನ ಮರ. ಆದರೂ ಸುತ್ತಲಿನ ಮಕ್ಕಳೆಲ್ಲ ಅಲ್ಲೇ ಆಡುತ್ತಿದ್ದರು. ಅದೇ ಬಡಾವಣೆಯಲ್ಲಿ, ಮುಖ್ಯರಸ್ತೆಗೆ ತಾಗಿ, ಅದಕ್ಕಿಂತ ದೊಡ್ಡ ಮೂಲೆ ನಿವೇಶನವೊಂದು ಮುಳ್ಳುತಂತಿಯೊಳಗೆ ಖಾಲಿ ಬಿದ್ದಿತ್ತು. ಅದು ಸಾಹುಕಾರರದೇ.

ಅಲ್ಲಿ ಮನೆ ಕಟ್ಟಿಕೊಂಡಿದ್ದ ನಿವೃತ್ತ ಮೇಷ್ಟ್ರು ಶಿವಲಿಂಗಪ್ಪ ನನ್ನನ್ನು ಕೂರಿಸಿ ಚಹಾ ಕೊಟ್ಟರು. "ಪಾರ್ಕ್ ಉಳಿಸಿ ಕೊಡ್ರಿ ಮೇಡಂ," ಎಂದವರು ದನಿ ತಗ್ಗಿಸಿ, "ಆ ಮಂಡಕ್ಕಿ ಭಟ್ಟಿ ಜನ ಇಲ್ಲಿಗೆ ಬಂದ್ರೆ ನಾವು ಮರ್ಯಾದಸ್ಥರು ಇರೋದು ಹೆಂಗೆ?" ಎಂದರು. ಉದ್ಯಾನ ಉಳಿಯಬೇಕೆಂದಿದ್ದ ನನ್ನ ಪರವಾಗಿ ಆಡಿದ ಮಾತೇ ನನಗೆ ಹೇಸಿಗೆ ತಂದಿತು. ಒಬ್ಬರಿಗೆ ಬಡವರ ಹೆಸರು ಬೇಕು, ಇನ್ನೊಬ್ಬರಿಗೆ ಮರಗಳ ಹೆಸರು. ಬಡವರೂ ಮರಗಳೂ ಇಬ್ಬರಿಗೂ ಬೇಕಿರಲಿಲ್ಲ.

ಸಂಜೆ ಅರ್ಜಿಯಲ್ಲಿ ಹೆಸರಿದ್ದವರನ್ನು ಹುಡುಕಿ ಮಂಡಕ್ಕಿ ಭಟ್ಟಿಗಳ ಓಣಿಗೆ ಹೋದೆ. ಮಂಡಕ್ಕಿ ಹುರಿಯುವ ಒಲೆಗಳ ಹೊಗೆಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ಗಂಡನ ಗಿರಣಿ ಮುಚ್ಚಿದ ಮೇಲೆ ಭಟ್ಟಿಗೆ ಸೇರಿದ್ದ ಫಾತಿಮಾಬಿ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿದ್ದರು. ಕೆಮ್ಮುವ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು, "ಮನಿ ಸಿಕ್ರೆ ಸಾಕ್ರಿ, ಈ ಹೊಗಿ ತಪ್ಪತೈತೆ" ಎಂದರು. ಮನೆ ಕಟ್ಟಲು ಹೊರಟಿದ್ದು ಯಾರ ನೆಲದಲ್ಲಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಮಕ್ಕಳು ಆಡುವ ಊರಿನ ಬಯಲು ಅದು ಎಂದು ನಾನು ಹೇಳಿದೆ.

ಆಕ್ಷೇಪಣೆ ಕೇಳಲು ಕರೆದ ಸಭೆಗೆ ಸಾಹುಕಾರರು ಭಟ್ಟಿ ಓಣಿಯ ಹೆಂಗಸರನ್ನು ಟೆಂಪೋದಲ್ಲಿ ತುಂಬಿಕೊಂಡು ಬಂದರು. ಆಕ್ಷೇಪಣೆ ಹೇಳಲು ಬಂದಿದ್ದ ಮೇಷ್ಟ್ರು ಅವರನ್ನು ಕಂಡು ಮುಖ ಸಿಂಡರಿಸಿದರು. ಸಾಹುಕಾರರು ಹೆಂಗಸರನ್ನು ಮುಂದಿನ ಸಾಲಿನಲ್ಲಿ ಕೂರಿಸಿ ನನ್ನ ಕಡೆ ಕೈ ತೋರಿಸಿದರು: "ಇವರ ತಲಿ ಮ್ಯಾಲೆ ಸೂರು ಬ್ಯಾಡ ಅನ್ನೋರು ಈ ಮೇಡಂ ನೋಡ್ರಿ!"

ಕೋಪದಲ್ಲೇ ಬಡಾವಣೆಯ ನಕ್ಷೆ ಬಿಚ್ಚಿ ಮೇಜಿನ ಮೇಲೆ ಹರಡಿದೆ. "ಮನೆ ಕಟ್ಟಿಸ್ರಿ, ಖಂಡಿತ ಕಟ್ಟಿಸ್ರಿ," ಎಂದೆ. "ಮೂಲೆ ನಿವೇಶನ ನಿಮ್ಮದೇ, ಖಾಲಿ ಐತೆ. ಅಲ್ಲಿ ಕಟ್ಟೋದಾದ್ರೆ ನಕ್ಷೆ ನಾನೇ ಕೂತು ಮುಗಿಸಿ ಕೊಡ್ತೀನಿ."

"ಅದು ಕಮರ್ಷಿಯಲ್ ಜಾಗ. ಅದನ್ನ ಹೆಂಗೆ ಕೊಡಾಕ ಆಗ್ತದೆ?" ಎಂದು ಅವರು ನಕ್ಕರು.

ಫಾತಿಮಾಬಿ ಎದ್ದು ನಿಂತರು. "ಹಂಗಾರೆ ನಮ್ಮನ್ನ ಯಾಕ ಕರ್ಕಂಡು ಬಂದ್ರಿ, ಸಾವ್ಕಾರ್ರೆ? ನಿಮ್ಮದು ಕೊಡಲ್ಲ, ಊರಿಂದು ಕೊಡ್ತೀರಾ? ಮಕ್ಳು ಆಡೋ ಜಾಗ ಕಿತ್ಕಂಡು ಮನಿ ಕಟ್ಟಿದ್ರೆ ನಾಳೆ ನನ್ನ ಮಗಳು ಎಲ್ಲಿ ಆಡ್ಬೇಕು?" ಎಂದರು. ಮೇಷ್ಟ್ರ ಕಡೆಗೂ ತಿರುಗಿ, "ನೀವೂ ಕೇಳ್ರಿ. ನಾವು ಬಂದ್ರೆ ನಿಮ್ಮ ಗಾಳಿ ಕಡಿಮಿ ಆಗಲ್ಲ" ಎಂದರು.

ಹೆಂಗಸರು ಒಬ್ಬೊಬ್ಬರಾಗಿ ಎದ್ದು ಹೊರಟರು. ಟೆಂಪೋ ಆಗಲೇ ಹೋಗಿಬಿಟ್ಟಿತ್ತು. ಆ ಬಿಸಿಲಲ್ಲಿ ಅವರೆಲ್ಲ ನಡೆದೇ ವಾಪಸಾದರು.

ಅರ್ಜಿ ತಿರಸ್ಕೃತವಾಯಿತು, ಬಯಲು ಉಳಿಯಿತು. ನಾನು ಅಲ್ಲಿಗೆ ನಿಲ್ಲಲಿಲ್ಲ. ಅದೇ ಸಾಹುಕಾರರ ಮುಂದಿನ ಬಡಾವಣೆಯ ನಕ್ಷೆ ಬಂದಾಗ, ಸಣ್ಣ ನಿವೇಶನಗಳನ್ನು ಗಿರಣಿ ಕುಟುಂಬಗಳಿಗೆ ಮೀಸಲಿಡಬೇಕೆಂಬ ಷರತ್ತು ಸೇರಿಸುವಂತೆ ಹಟ ಹಿಡಿದೆ. ಮೇಲಧಿಕಾರಿ ಗೊಣಗುತ್ತಲೇ ಸಹಿ ಮಾಡಿದರು. ಫಾತಿಮಾಬಿಯ ಮನೆ ಅಲ್ಲಿ ಎದ್ದಿತು. ಆದರೆ ಅಂದು ನಡೆದು ಹೋದವರಲ್ಲಿ ಹೆಚ್ಚಿನವರಿಗೆ ಸಿಗಲಿಲ್ಲ. ಮೂಲೆ ನಿವೇಶನದಲ್ಲಿ ಕಲ್ಯಾಣ ಮಂಟಪ ಬಂತು. ಆ ಸಿಟ್ಟು ನನಗೆ ಇಂದಿಗೂ ಇಳಿದಿಲ್ಲ.

ಮನೆ ಬೇಕೋ ಬಯಲು ಬೇಕೋ ಎಂದು ಜನರನ್ನು ಎದುರುಬದುರು ನಿಲ್ಲಿಸುವವರು ಆಮೇಲೂ ಬಹಳ ಮಂದಿ ನನ್ನ ಕಚೇರಿಗೆ ಬಂದರು. ಬಡವರ ಹೆಸರಲ್ಲಿ ಊರಿನ ಜಾಗ ಕೇಳಿದವರನ್ನೆಲ್ಲ ನಿವೃತ್ತಿಯಾಗುವವರೆಗೂ ನಾನು ಕೇಳುತ್ತಿದ್ದ ಮೊದಲ ಪ್ರಶ್ನೆ ಒಂದೇ: "ನಿಮ್ಮದರಲ್ಲಿ ಎಷ್ಟು ಬಿಡ್ತೀರಿ?"