ಹಲ್ಲು ಕತ್ತರಿಸಿದ ಚೀಟಿಗಳು

ಇಂಜಿನ್ನುಗಳು ಇನ್ನೂ ಕಲ್ಲಿದ್ದಲು ತಿಂದು ಹೊಗೆ ಉಗುಳುತ್ತಿದ್ದ ಕಾಲ ಅದು. ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳಿಗ್ಗೆ ಒಣಹಾಕಿದ ಬಿಳಿ ಬಟ್ಟೆ ಸಂಜೆ ತೆಗೆಯುವಷ್ಟರಲ್ಲಿ ಬೂದಿ ಬಣ್ಣಕ್ಕೆ ತಿರುಗಿರುತ್ತಿತ್ತು. ಅವ್ವ ದಿನಾ ಆ ಇಂಜಿನ್ನುಗಳಿಗೆ ಹಿಡಿಶಾಪ ಹಾಕುತ್ತಿದ್ದಳು. ಅಪ್ಪನಿಗೋ ಅವುಗಳ ಮೇಲೆ ಜೀವ. ಗೋದಾಮಿನಲ್ಲಿ ಗುಮಾಸ್ತನಾಗಿದ್ದ ಅವನು ಮನೆಗೆ ಬಂದಮೇಲೂ ರೈಲನ್ನು ಬಿಡುತ್ತಿರಲಿಲ್ಲ. ಯಾವ ದೇಶದ್ದೇ ಆಗಲಿ, ರೈಲಿನ ಚಿತ್ರವಿರುವ ಅಂಚೆಚೀಟಿ ಕಂಡರೆ ಅದು ಅವನಿಗೆ ಬೇಕೇಬೇಕು.

ನಮ್ಮ ಸಭೆಯ ಪಾದ್ರಿಗಳಿಗೆ ಹೊರದೇಶಗಳಿಂದ ಪತ್ರಗಳು ಬರುತ್ತಿದ್ದವು. ಭಾನುವಾರದ ಆರಾಧನೆ ಮುಗಿದಮೇಲೆ ಅವರು ಖಾಲಿ ಲಕೋಟೆಗಳನ್ನು ಅಪ್ಪನ ಕೈಗೆ ಕೊಡುತ್ತಿದ್ದರು. ಮನೆಗೆ ಬಂದವರೇ ನಾನೂ ಅಪ್ಪನೂ ಪಡಸಾಲೆಯಲ್ಲಿ ತಟ್ಟೆಗೆ ನೀರು ಹಾಕಿ ಕೂತುಬಿಡುತ್ತಿದ್ದೆವು. ನೆನೆದ ಕಾಗದದ, ಕರಗಿದ ಗೋಂದಿನ ಆ ವಾಸನೆ ನನಗೆ ಮಲ್ಲಿಗೆಗಿಂತ ಹೆಚ್ಚು. ಗೆಳತಿಯರು ಅಂಗಳದಲ್ಲಿ ಗಜಗ ಆಡಲು ಕೂಗಿದರೂ ನಾನು ಏಳುತ್ತಿರಲಿಲ್ಲ. ಚೀಟಿ ತಾನಾಗಿ ಲಕೋಟೆ ಬಿಟ್ಟು ತೇಲಬೇಕು, ಉಗುರು ಹಚ್ಚಬಾರದು. ಬಟ್ಟೆಯ ಮೇಲೆ ಬೋರಲು ಹಾಕಿ ಒಣಗಿಸಬೇಕು. ಎಲ್ಲಕ್ಕಿಂತ ಮುಖ್ಯ, ಅಂಚಿನ ಗರಗಸದಂಥ ಹಲ್ಲು. ಒಂದು ಹಲ್ಲು ಮುರಿದರೂ ಚೀಟಿಯ ಬೆಲೆ ಹೋಯಿತು ಎಂದು ಅಪ್ಪ ನನಗೆ ನೂರು ಸಲ ಹೇಳಿದ್ದ. ಅಷ್ಟು ಹೊತ್ತೂ ಅವ್ವ ಒಳಗೆ ರೊಟ್ಟಿ ಬಡಿಯುತ್ತಿರುತ್ತಿದ್ದಳು. ಮದುವೆಯಾದರೆ ಹುಚ್ಚು ಬಿಡುತ್ತದೆ ಅನ್ನುತ್ತಾರೆ, ಈ ಹುಚ್ಚು ಮಾತ್ರ ಮದುವೆಯಾದ ಮೇಲೆ ಇಮ್ಮಡಿಸಿತು ಎಂದು ಅಲ್ಲಿಂದಲೇ ಚುಚ್ಚುತ್ತಿದ್ದಳು.

ಕಚೇರಿಯವರೂ ಅಪ್ಪನನ್ನು ಬಿಡುತ್ತಿರಲಿಲ್ಲ. ಅವರ ಪಾಲಿಗೆ ಅವನು ಚೀಟಿ ಸಾಮುವೇಲಪ್ಪ, ಕಸದಬುಟ್ಟಿ ಕೆದಕುವವನು. ಅಪ್ಪನ ಚೀಟಿಗಳನ್ನು ಗೌರವದಿಂದ ನೋಡುತ್ತಿದ್ದವರು ಊರಿನಲ್ಲಿ ಒಬ್ಬರೇ, ಹಳೇ ಹುಬ್ಬಳ್ಳಿಯ ಅತ್ತರಿನ ವ್ಯಾಪಾರಿ ಖಾದರಕಾಕಾ. ಅವರಿಗೂ ಇದೇ ಚಟ. ಒಂದು ಚಳಿಗಾಲದಲ್ಲಿ ಅವರು ಮುಂಬಯಿಯಿಂದ ಸುದ್ದಿ ತಂದರು. ಅಲ್ಲಿ ಚೀಟಿ ಸಂಗ್ರಹಿಸುವವರ ದೊಡ್ಡ ಸಮ್ಮೇಳನ ನಡೆಯುವುದಿತ್ತು, ದೂರದೂರದಿಂದ ಜನ ಬರುವವರಿದ್ದರು. ಅಪ್ಪನ ರೈಲುಗಳಿಗಾಗಿ ಒಂದು ಮೇಜನ್ನು ಕೇಳಿ ಇಡಿಸಿಯೂ ಬಂದಿದ್ದರು.

ಆ ಸಂಜೆ ಅಪ್ಪ ಚಹಾ ಕುಡಿಯುವುದನ್ನೇ ಮರೆತ. ಬಲ್ಲವರು ಒಂದು ಸಲ ತನ್ನ ಚೀಟಿಗಳನ್ನು ನೋಡಬೇಕು, ಅದೊಂದೇ ಅವನ ಆಸೆ. ನನ್ನನ್ನೂ ಕರೆದುಕೊಂಡು ಹೋಗುವುದಾಗಿ ಹೇಳಿದ. ನನಗೆ ಆಗ ಹತ್ತು ವರ್ಷ. ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಆದರೆ ಆ ವರ್ಷಕ್ಕೆ ಉಳಿದಿದ್ದ, ಮನೆಮಂದಿಗೆಲ್ಲ ಆಗುವ ಒಂದೇ ಬಿಟ್ಟಿ ರೈಲ್ವೆ ಪಾಸಿನ ಮೇಲೆ ಅವ್ವನ ಕಣ್ಣಿತ್ತು. ಬೇಸಿಗೆಯಲ್ಲಿ ಸೊಲ್ಲಾಪುರದ ಅಕ್ಕನ ಮನೆಗೆ ಹೋಗಬೇಕೆಂದು ಅವಳು ದೀಪಾವಳಿಯಿಂದಲೂ ಹೇಳುತ್ತಿದ್ದಳು. ಮನೆಯಲ್ಲಿ ಮಾತು ನಿಂತುಹೋಯಿತು. ಅಪ್ಪ ಉಣ್ಣಲು ಕೂತರೆ ರೊಟ್ಟಿ ಬಂದು ತಾಟಿಗೆ ಬೀಳುತ್ತಿತ್ತು, ಹಿಂದೆ ಒಂದು ಮಾತೂ ಬರುತ್ತಿರಲಿಲ್ಲ. ನಾನು ನಡುವೆ ಟಪಾಲಿನವಳಾದೆ. ಉಪ್ಪು ಬೇಕಂತೆ, ಇಲ್ಲೇ ಇದೆಯಂತೆ, ಹೀಗೆ. ಎಲ್ಲಿ ಅಪ್ಪನೇ ಸೋತು ಕೈಬಿಡುವನೋ ಎಂದು ನನಗೆ ದಿನವಿಡೀ ಪುಕುಪುಕು.

ಕೊನೆಗೆ ಒಂದು ಬೆಳಿಗ್ಗೆ ಅವ್ವ ತಾನಾಗಿಯೇ ಬಾಯಿ ಬಿಟ್ಟಳು.

“ಅಕ್ಕ ಎಲ್ಲಿ ಓಡಿ ಹೋಗ್ತಾಳ್ರಿ. ಮುಂದಿನ ವರ್ಷ ಹೋದ್ರಾತು. ಆದ್ರ ನಾಕ ಮಂದಿ ಮುಂದ ಹೋಗಾವರು, ಛಂದಂಗ ಹೋಗಬೇಕು.”

ಅವ್ವ ಒಲಿದರೆ ಅರ್ಧಕ್ಕೆ ನಿಲ್ಲುವವಳಲ್ಲ. ಅಪ್ಪನ ಕೋಟಿನ ಹೊಲಿಗೆ ಬಿಚ್ಚಿ ಒಳಗಿನ ಅಸ್ತರನ್ನು ಹೊಸದಾಗಿ ಹೊಲಿದಳು. ನನಗೆ ನೀಲಿ ಫ್ರಾಕು ಹೊಲಿದಳು. ಕಟಕ ರೊಟ್ಟಿ, ಶೇಂಗಾ ಹಿಂಡಿ, ಹಚ್ಚಿದ ಅವಲಕ್ಕಿ ಡಬ್ಬಿ ಸೇರಿದವು. ಅಪ್ಪ ಖಾದರಕಾಕಾನ ಜೊತೆ ಕೂತು ಪುಣೆಯಲ್ಲಿ ಗಾಡಿ ಬದಲಿಸುವ ವಿಚಾರ ಮಾಡಿದ. ಮುಂಬಯಿಯಲ್ಲಿ ಹಾಳೆಗಳ ಮೇಲೆ ಅಂಟಿಸಲು ಒಳ್ಳೊಳ್ಳೆಯ ಚೀಟಿಗಳನ್ನು ಆರಿಸಿ, ಸಾಲುಸಾಲಾಗಿ ಕಾಗದಗಳ ನಡುವೆ ಇಟ್ಟು, ಮೇಲೆ ದಪ್ಪ ಪುಸ್ತಕ ಹೇರಿ ಕಚೇರಿಗೆ ಹೋದ. ಮರುದಿನ ಪ್ರಯಾಣ.

ಅವ್ವ ಹೊಲಿಗೆ ಕಲಿತದ್ದು ಮಿಶನ್ನಿನ ಹೊಲಿಗೆ ಸಾಲೆಯಲ್ಲಿ. ಅಂಚಿನಲ್ಲಿ ಒಂದು ಎಳೆ ಹೊರಗೆ ಇಣುಕಿದರೂ ಅಲ್ಲಿ ಕಲಿಸುವ ಬಾಯಿಯವರು ಇಡೀ ಬಟ್ಟೆ ಬಿಚ್ಚಿಸುತ್ತಿದ್ದರಂತೆ. ಆ ಪಾಠ ಅವಳ ರಕ್ತಕ್ಕೇ ಇಳಿದಿತ್ತು. ಯಾರ ಮನೆಗೆ ಹೊರಟರೂ ಬಾಗಿಲಲ್ಲಿ ನಿಲ್ಲಿಸಿ ನಮ್ಮ ಲಂಗದ, ತೋಳಿನ ಅಂಚು ತಡವಿ ನೋಡದೆ ಬಿಡುತ್ತಿರಲಿಲ್ಲ.

ನಾನು ಸಾಲೆಯಿಂದ ಬಂದಾಗ ಅವಳು ಕಿಟಕಿಯ ಬೆಳಕಿಗೆ ಕೂತಿದ್ದಳು. ಕೈಯಲ್ಲಿ ಕಸೂತಿಯ ಸಣ್ಣ ಕತ್ತರಿ. ಸೆರಗಿನ ಮೇಲೆ, ನೆಲದ ಮೇಲೆ, ರವೆ ಚೆಲ್ಲಿದ ಹಾಗೆ ಬಿಳಿಬಿಳಿ ಚೂರು. ಮುಂದೆ ಅಪ್ಪನ ಚೀಟಿಗಳು, ಅವನು ಇಟ್ಟ ಸಾಲಿನಲ್ಲೇ. ಒಂದಕ್ಕೂ ಹಲ್ಲಿರಲಿಲ್ಲ.

“ನೋಡು ತಂಗಿ, ಹರಕಹರಕ ಅಂಚು ಇದ್ದುವು. ಮುಂಬೈ ಮಂದಿ ಏನಂದಾರು? ಈಗ ಹೆಂಗ ಕಾಣತಾವ ನೋಡು.”

ಅವಳ ಮುಖದಲ್ಲಿ ಅಷ್ಟು ಖುಷಿಯಿತ್ತು. ನಾನು ಹಿತ್ತಲಿಗೆ ಓಡಿ ನೀರಿನ ಹಂಡೆಯ ಹಿಂದೆ ಕೂತೆ. ಅವ್ವನ ಮೇಲೆ ನನಗೆ ಬಂದ ಸಿಟ್ಟು ಅಂಥಿಂಥದ್ದಲ್ಲ. ಆ ಕತ್ತರಿಯನ್ನು ಬಾವಿಗೆ ಎಸೆಯಬೇಕು ಅನ್ನಿಸಿತು. ಅದರ ಬೆನ್ನಿಗೇ ಅಪ್ಪ ಬಂದರೆ ಅವಳ ಗತಿ ಏನು ಎಂದು ಅವಳ ಬಗ್ಗೆಯೇ ಹೆದರಿಕೆಯಾಯಿತು. ಅಪ್ಪ ಎಂದೂ ಕೈ ಎತ್ತಿದವನಲ್ಲ, ಆದರೆ ಅಂಥ ಪ್ರಸಂಗವೂ ಎಂದೂ ಬಂದಿರಲಿಲ್ಲ. ಕಾರಖಾನೆಯ ಸಂಜೆಯ ಭೋಂಗಾ ಊದಿದಾಗ ಎದ್ದು ಒಳಗೆ ಬಂದೆ.

ಅಪ್ಪ ಬಂದ, ಕೈಕಾಲು ತೊಳೆದ. ಅವ್ವ ತಾನೇ ಹೋಗಿ ಕಾಗದಗಳನ್ನು ಅವನ ಮುಂದೆ ಬಿಚ್ಚಿಟ್ಟಳು. ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಅಪ್ಪ ಮೊದಲ ಸಾಲು ನೋಡಿದ. ಎರಡನೆಯ ಕಾಗದ ಸರಿಸಿದ. ಆಮೇಲೆ ಬೇಗಬೇಗ ಎಲ್ಲವನ್ನೂ ಸರಿಸಿದ. ಕೊನೆಯದನ್ನು ನೋಡಿ ಗೋಡೆಗೆ ಒರಗಿ ಕೂತ.

ಅವ್ವನ ನಗೆ ಮೆಲ್ಲಗೆ ಆರಿತು. “ತಪ್ಪಾತೇನ್ರಿ?” ಎಂದು ಕೇಳಿದಳು.

ಅಪ್ಪನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಹೌದು ಎಂದ. ಹಲ್ಲಿನ ವಿಷಯವನ್ನು ಒಂದೊಂದಾಗಿ, ನನಗೆ ಹೇಳುತ್ತಿದ್ದ ಹಾಗೆಯೇ ಅವಳಿಗೂ ಹೇಳಿದ. ಇಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದು ಇದನ್ನು ಅವಳಿಗೆ ಯಾರೂ ಹೇಳಿರಲಿಲ್ಲ ಎಂಬುದು ಆಗಲೇ ನನಗೆ ಹೊಳೆದದ್ದು. ಪಾಸನ್ನು ನಾಳೆ ವಾಪಸು ಕೊಡುತ್ತೇನೆ, ಖಾದರನಿಗೂ ಹೇಳಿಬಿಡುತ್ತೇನೆ ಎಂದು ಅಪ್ಪ ಎದ್ದ.

ಅವ್ವ ಅಳಲಿಲ್ಲ. ಸೆರಗು ಜಾಡಿಸಿ, ಚೂರುಗಳನ್ನೆಲ್ಲ ಅಂಗೈಯಲ್ಲಿ ಕೂಡಿಸಿದಳು.

“ಪಾಸ್ ವಾಪಸ್ ಕೊಡಬ್ಯಾಡ್ರಿ,” ಎಂದಳು. “ನನ್ನೂ ಕರಕೊಂಡು ಹೋಗ್ರಿ. ಹಲ್ಲಿದ್ದುವು ಹೆಂಗಿರ್ತಾವ, ನಾ ಏನ್ ಹಾಳ ಮಾಡೇನಿ, ನನ್ನ ಕಣ್ಣೀಲೆ ನೋಡಬೇಕು.”

ಅಪ್ಪ ಬೇಡವೆಂದ. ಅವ್ವ ಹಟ ಹಿಡಿದಳು. ಮರುದಿನ ಸಂಜೆ ಪುಣೆಯ ಗಾಡಿಯಲ್ಲಿ ನಾವು ಮೂವರೂ ಖಾದರಕಾಕಾನೂ ಇದ್ದೆವು. ಡಬ್ಬಿ ಬಿಚ್ಚಿದರೂ ಯಾರಿಗೂ ರೊಟ್ಟಿ ಇಳಿಯಲಿಲ್ಲ. ಅವ್ವ ಬಟ್ಟೆಯ ಚೀಲವನ್ನು ಮಡಿಲಲ್ಲಿ ಅವುಚಿಕೊಂಡು ಕೂತಿದ್ದಳು.

ಮುಂಬಯಿಯನ್ನು ನಾನು ಏನು ಕಂಡೆ? ಒಂದು ದೊಡ್ಡ ಸಭಾಂಗಣ, ಉದ್ದಕ್ಕೂ ಮೇಜು, ಮೇಜಿನ ಮೇಲೆ ಗಾಜು. ಅವ್ವ ಮೊದಲ ಮೇಜಿನ ಮುಂದೆ ಬಗ್ಗಿ ನೋಡಿದಳು. ಎರಡನೆಯದಕ್ಕೂ ಬಗ್ಗಿದಳು. ಒಂದೂ ಬಿಡಲಿಲ್ಲ. ಎಲ್ಲ ಚೀಟಿಗಳಿಗೂ ಹಲ್ಲಿದ್ದವು. ಒಂದು ಮೂಲೆಯಲ್ಲಿ ಅಪ್ಪನ ಹೆಸರು ಬರೆದಿಟ್ಟ ಮೇಜು ಬರಿದಾಗಿ ಕಾಯುತ್ತಿತ್ತು. ಅಪ್ಪ ಅದರ ಕಡೆ ನೋಡದೆ ದಾಟಿ ಹೋದ. ಅವ್ವ ಅಲ್ಲೇ ನಿಂತಳು. ಚೀಲಕ್ಕೆ ಕೈಹಾಕಿ ಅಪ್ಪನ ಚೀಟಿಗಳನ್ನು ತೆಗೆದು, ಅವನ ಸಾಲಿನಂತೆಯೇ ಮೇಜಿನ ಮೇಲೆ ಹರಡಿದಳು. ಅವನ್ನು ಚೀಲದಲ್ಲಿ ತಂದಿದ್ದಾಳೆಂದು ಅಪ್ಪನಿಗೂ ಗೊತ್ತಿರಲಿಲ್ಲ.

ಕಪ್ಪು ಟೊಪ್ಪಿಗೆಯ ಒಬ್ಬ ಪಾರಸಿ ಮುದುಕರು ಬಂದರು. ಅಲ್ಲಿಯವರೆಲ್ಲ ಅವರಿಗೆ ದಾರಿ ಬಿಡುತ್ತಿದ್ದುದನ್ನು ನೋಡಿದರೆ ದೊಡ್ಡವರಿರಬೇಕು. ಭೂತಗನ್ನಡಿ ಹಿಡಿದು ಬಗ್ಗಿದವರು ಹಾಗೆಯೇ ಸೆಟೆದರು. ಇದನ್ನು ಕತ್ತರಿಸಿದವರು ಯಾರು ಎಂದು ಹಿಂದಿಯಲ್ಲಿ ಗಡುಸಾಗಿ ಕೇಳಿದರು.

ಅಪ್ಪ ಓಡಿಬಂದು ನಾನೇ ಎಂದ. ಹುಟ್ಟಿದಾರಭ್ಯ ಅವನು ಹೇಳಿದ ಸುಳ್ಳು ಬಹುಶಃ ಅದೊಂದೇ.

ಅವ್ವ ಸೆರಗು ಹೊದ್ದು ಮುಂದೆ ಬಂದಳು. ತನಗೆ ಬರುವ ಹುಬ್ಬಳ್ಳಿಯ ಉರ್ದುವಿನಲ್ಲಿ, ಅವರಲ್ಲ ಸಾಹೇಬರೇ, ನಾನು ಎಂದಳು. ಆಮೇಲೆ ಅಪ್ಪನ ಕಡೆ ತಿರುಗಿ ನಮ್ಮ ಮಾತಿನಲ್ಲಿ, “ಕತ್ತರಿ ನಂದು, ಕೈ ನಂದು. ನೀವ್ಯಾಕ ನಡುವ ಬರ್ತೀರಿ?” ಎಂದಳು.

“ಹೇಳದ ಇದ್ದಾವ ನಾನು. ತಪ್ಪು ನಂದ,” ಎಂದ ಅಪ್ಪ.

“ಕೇಳದ ಮುಟ್ಟಿದಾಕಿ ನಾನು. ನಂದ.”

ಜನ ಸೇರಿದರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಮುದುಕರು ಖಾದರಕಾಕಾನ ಮುಖ ನೋಡಿದರು, ಕಾಕಾ ಎಲ್ಲ ಬಿಡಿಸಿ ಹೇಳಿದರು. ಮುದುಕರು ಬಣ್ಣದ ಮಾತಾಡುವವರಲ್ಲ. ಇವಕ್ಕೆ ಇನ್ನು ಯಾವ ಬೆಲೆಯೂ ಇಲ್ಲ ಎಂದು ನೇರವಾಗಿ ಹೇಳಿದರು. ಹೇಳಿ, ಒಂದು ಕುರ್ಚಿ ಎಳೆದುಕೊಂಡು ಕೂತು, ಸುರಂಗದಿಂದ ಹೊರಬರುವ ಒಂದು ಇಂಜಿನ್ನಿನ ಮೇಲೆ ಬೆರಳಿಟ್ಟು, ಇದು ನಿಮಗೆ ಎಲ್ಲಿ ಸಿಕ್ಕಿತು, ನನಗೆ ಇಷ್ಟು ವರ್ಷ ಸಿಕ್ಕಿಲ್ಲ ಎಂದರು. ಅಪ್ಪ ಹೇಳತೊಡಗಿದ. ಮೊದಲು ತೊದಲಿದ, ಆಮೇಲೆ ಸಭಾಂಗಣದ ದೀಪ ಆರಿಸುವವರೆಗೂ ಅವನ ಮಾತು ನಿಲ್ಲಲಿಲ್ಲ. ಅವ್ವ ಪಕ್ಕದಲ್ಲೇ ನಿಂತು ಪ್ರತಿಯೊಂದು ಚೀಟಿಯ ಕಥೆಯನ್ನು ಮೊದಲ ಸಲ ಕೇಳಿದಳು.

ಈಗ ಅಪ್ಪನೂ ಇಲ್ಲ, ಅವ್ವನೂ ಇಲ್ಲ, ಪತ್ರ ಬರೆಯುವವರೂ ಇಲ್ಲ. ಆ ಕ್ವಾರ್ಟರ್ಸಿನ ಕಡೆ ಹೋದರೆ ಹೊಗೆಯೂ ಇಲ್ಲ, ಒಣಹಾಕಿದ ಬಟ್ಟೆ ಸಂಜೆಯವರೆಗೂ ಬೆಳ್ಳಗೇ ಇರುತ್ತದೆ. ಇದಕ್ಕೆಲ್ಲ ಕೊರಗುವಷ್ಟು ನಾನು ಮೆದುವಲ್ಲ. ನಮ್ಮ ಮನೆಯಲ್ಲಿ ಈಗಲೂ ಜಗಳಕ್ಕೆ ಬರವಿಲ್ಲ. ನನಗೂ ಆಮೇಲೆ ಹುಟ್ಟಿದ ತಮ್ಮಂದಿರಿಗೂ ಮಾತು ಬೆಳೆದಾಗಲೆಲ್ಲ, ನಿನ್ನಿಂದಲೇ ಆಯಿತು, ನಿನ್ನಿಂದಲೇ ಆಯಿತು ಎಂದು ಗಂಟಲು ಹರಿದುಕೊಳ್ಳುತ್ತೇವೆ. ತಪ್ಪು ನನ್ನದು, ನಿನ್ನದಲ್ಲ ಎಂದು ಜಗಳಾಡುವ ಇಬ್ಬರನ್ನು ಮಾತ್ರ ಆಮೇಲೆ ನಾನು ಎಲ್ಲಿಯೂ ಕಾಣಲಿಲ್ಲ.